ಮೂರು ಅಡಿ ಕಿಟಕಿ ಆರು ಅಡಿ ಆಗಬೇಕೇ? ಮೊದಲು ತೊಲೆ ಎಲ್ಲಿ ಕೂತಿದೆ ನೋಡಿ

ಪ್ರಶ್ನೆ: ದಾವಣಗೆರೆ ಹಳೇಪೇಟೆಯಲ್ಲಿ ನಮ್ಮ ಅಜ್ಜ ಕಟ್ಟಿಸಿದ ಇಟ್ಟಿಗೆ ಮನೆ ಇದೆ. ಅರವತ್ತು ವರ್ಷ ದಾಟಿದೆ. ಗೋಡೆ 9 ಇಂಚು, ಮೇಲೆ ತೊಲೆ-ಜಂತಿ ಹಾಕಿದ ಗಚ್ಚಿನ ಮಾಳಿಗೆ. ಮುಂದಿನ ಕೋಣೆಯ ಬೀದಿ ಕಡೆ ಗೋಡೆ 14 ಅಡಿ ಉದ್ದ, ಕೋಣೆ ಒಳಕ್ಕೆ 11 ಅಡಿ. ಎಡ ಮೂಲೆಯಿಂದ ಎರಡೂವರೆ ಅಡಿ ಬಿಟ್ಟು 3 ಅಡಿ ಅಗಲದ ಕಿಟಕಿ ಇದೆ. ಅಪ್ಪ ದಿನವಿಡೀ ಆ ಕೋಣೆಯಲ್ಲೇ ಇರುತ್ತಾರೆ, ಹಗಲು ಹೊತ್ತಿನಲ್ಲೂ ಲೈಟ್ ಹಾಕಬೇಕು. ಹಾಗಾಗಿ ಕಿಟಕಿಯನ್ನು ಬಲಕ್ಕೆ ಒಡೆದು 6 ಅಡಿ ಮಾಡಿ, ಯುಪಿವಿಸಿ ಸ್ಲೈಡಿಂಗ್ ಹಾಕಿಸಬೇಕು ಅಂತಿದ್ದೇವೆ. ಗೋಡೆಯ ನಡುಮಧ್ಯಕ್ಕೆ ಒಂದು ತೊಲೆ ಬಂದು ಕೂತಿದೆ. ಕಿಟಕಿ ತಲೆಯಿಂದ ತೊಲೆಯ ತಳಕ್ಕೆ ಮೂರೂವರೆ ಅಡಿ ಇಟ್ಟಿಗೆ ಇದೆ. ಮೇಸ್ತ್ರಿ, "8 ಎಂಎಂ ಕಂಬಿ ಮೂರು ಎಳೆದು 4 ಇಂಚು ಕಾಂಕ್ರೀಟ್ ಹಾಕೋಣ, ಇಲ್ಲಾಂದ್ರೆ ಒಂದು ಕಲ್ಲು ಚಪ್ಪಡಿ ಕೂರಿಸೋಣ, ಎರಡು ದಿನದ ಕೆಲಸ" ಅಂತಾರೆ. ಯಾವುದು ಒಳ್ಳೇದು?

ಉತ್ತರ: ಎರಡೂ ಬೇಡ. ಮೇಸ್ತ್ರಿ ಹೇಳಿದ ಲಿಂಟಲ್ (ಕಿಟಕಿ ತಲೆಯ ಮೇಲೆ ಅಡ್ಡಲಾಗಿ ಕೂತು ಗೋಡೆ ಹೊರುವ ಪಟ್ಟಿ) ಮೂರು ಅಡಿ ಕಿಟಕಿಗೆ ಸಾಕಾಗುತ್ತಿತ್ತು. ಆದರೆ ನಿಮ್ಮ ಹೊಸ ಕಿಟಕಿ ತೊಲೆಯ ಕೆಳಗೇ ಬರುತ್ತದೆ. ಅಳತೆ ನೀವೇ ಕೊಟ್ಟಿದ್ದೀರಿ, ಲೆಕ್ಕ ಹಾಕೋಣ. ಎಡ ಮೂಲೆಯಿಂದ ಎರಡೂವರೆ ಅಡಿಗೆ ಶುರುವಾಗುವ 6 ಅಡಿ ಕಿಟಕಿ ಎಂಟೂವರೆ ಅಡಿಗೆ ಮುಗಿಯುತ್ತದೆ. ತೊಲೆ ಇರುವುದು 7 ಅಡಿಗೆ. ಅಂದರೆ ಇವತ್ತು ಗಟ್ಟಿ ಗೋಡೆಯ ಮೇಲೆ ಕೂತಿರುವ ತೊಲೆಯ ತುದಿ ನಾಳೆ ಬಯಲಿನ ಮೇಲೆ ಕೂರಬೇಕು.

ಇಟ್ಟಿಗೆ ಗೋಡೆಗೆ ಒಂದು ಒಳ್ಳೆಯ ಗುಣ ಇದೆ. ಕೆಳಗೆ ತೂತು ಮಾಡಿದರೆ ಮೇಲಿನದೆಲ್ಲ ಕುಸಿಯುವುದಿಲ್ಲ. ಇಟ್ಟಿಗೆಗಳು ಒಂದನ್ನೊಂದು ಹಿಡಿದುಕೊಂಡು ಭಾರವನ್ನು ಪಕ್ಕಕ್ಕೆ ದಾಟಿಸುತ್ತವೆ. ಲಿಂಟಲ್ ಮೇಲೆ ಬೀಳುವುದು ಒಂದು ತ್ರಿಕೋನದಷ್ಟು ಗೋಡೆ ಮಾತ್ರ. ನಮ್ಮಲ್ಲಿ ಮೂರೂ ಬದಿ ಸಮ ಇರುವ ತ್ರಿಕೋನ ಅಂತ ಹಿಡಿಯುವುದು ರೂಢಿ. ಎಪಿಎಂಸಿಯಲ್ಲಿ ಒಟ್ಟಿದ ಮೂಟೆಗಳ ರಾಶಿಯ ಬುಡದಿಂದ ಒಂದು ಮೂಟೆ ಎಳೆದರೆ ಮೇಲಿನವು ನಿಲ್ಲುತ್ತವೆ, ಪಕ್ಕಪಕ್ಕದ ಎರಡು ಎಳೆದರೆ ಬರುತ್ತವೆ ಅಲ್ವಾ, ಹಾಗೆ. ಮೇಸ್ತ್ರಿಗಳು "ಆನಿಕೆ (ಕೆಲಸ ಮುಗಿಯುವವರೆಗೆ ಭಾರ ಹೊರಲು ಕೊಡುವ ಆಸರೆ) ಇಲ್ಲದೆ ಎಷ್ಟೋ ಕಿಟಕಿ ಒಡೆದಿದ್ದೇವೆ, ಏನೂ ಆಗಿಲ್ಲ" ಅನ್ನುವುದು ಸುಳ್ಳಲ್ಲ. ಸಣ್ಣ ಕಿಟಕಿಗಳಲ್ಲಿ ಗೋಡೆಯೇ ಅವರನ್ನು ಕಾಪಾಡಿರುತ್ತದೆ.

ನಿಮ್ಮ ಹಳೇ ಕಿಟಕಿಗೆ ಆ ತ್ರಿಕೋನದ ಎತ್ತರ ಸುಮಾರು 3 ಅಡಿ. ಮೇಲೆ ಮೂರೂವರೆ ಅಡಿ ಇಟ್ಟಿಗೆ ಇದೆ, ತ್ರಿಕೋನ ಅದರೊಳಗೇ ಮುಗಿಯುತ್ತದೆ. ಎರಡೂ ಕಡೆ ಪ್ಲಾಸ್ಟರ್ ಇರುವ 9 ಇಂಚಿನ ಗೋಡೆ ಚದರ ಅಡಿಗೆ ಸುಮಾರು 50 ಕೆಜಿ ತೂಗುತ್ತದೆ. ಹಾಗಾಗಿ ಈಗಿನ ಲಿಂಟಲ್ ಹೊತ್ತಿರುವುದು ಎರಡೂವರೆ ಕ್ವಿಂಟಲ್ ಚಿಲ್ಲರೆ, ಅಷ್ಟೇ.

ಹೊಸ ಕಿಟಕಿಗೆ ತ್ರಿಕೋನದ ತುದಿ ಐದೂವರೆ ಅಡಿ ಮೇಲಕ್ಕೆ ಹೋಗಬೇಕು. ಅಷ್ಟು ಗೋಡೆಯೇ ಇಲ್ಲ, ನಡುವೆ ಮಾಳಿಗೆ ಅಡ್ಡ ಬರುತ್ತದೆ. ಆಗ ಪಕ್ಕಕ್ಕೆ ಭಾರ ದಾಟಿಸುವ ಗುಣವನ್ನು ನಂಬುವ ಹಾಗಿಲ್ಲ. ಕಿಟಕಿ ಮೇಲಿನ ಪೂರ್ತಿ ಗೋಡೆ ಲಿಂಟಲ್ ಮೇಲೇ ಅಂತ ಹಿಡಿಯಬೇಕು. ಅದು ಸುಮಾರು 11 ಕ್ವಿಂಟಲ್. ಮೇಲೆ ತೊಲೆ. ಮಾಳಿಗೆಯ ಗಚ್ಚು, ಇಟ್ಟಿಗೆ, ಜಂತಿ, ಜನ ಓಡಾಡುವ ಭಾರ ಎಲ್ಲ ಸೇರಿ ಚದರ ಅಡಿಗೆ 55 ಕೆಜಿ ಹಿಡಿದರೂ, ತೊಲೆಯ ಈ ತುದಿಗೆ 7 ಅಡಿಗೆ ಐದೂವರೆ ಅಡಿ (ಗೋಡೆ ಉದ್ದದ ಅರ್ಧ, ಕೋಣೆ ಆಳದ ಅರ್ಧ) ಜಾಗದ ಭಾರ ಬರುತ್ತದೆ. ಅಂದರೆ ಎರಡು ಟನ್. ಎರಡೂವರೆ ಕ್ವಿಂಟಲ್ ಇದ್ದದ್ದು 30 ಕ್ವಿಂಟಲ್ ದಾಟಿತು. ಕಿಟಕಿ ಅಗಲ ಬರೀ ಎರಡು ಪಟ್ಟು, ಭಾರ ಹತ್ತು ಪಟ್ಟಿಗಿಂತ ಜಾಸ್ತಿ.

ಇದಕ್ಕೆ 4 ಇಂಚು ದಪ್ಪದ ಕಾಂಕ್ರೀಟು, ಮೂರು 8 ಎಂಎಂ ಕಂಬಿ ಅಂದರೆ ಬೇಕಾದ ಶಕ್ತಿಯ ಕಾಲು ಭಾಗವೂ ಸಿಗುವುದಿಲ್ಲ. ಕಲ್ಲು ಚಪ್ಪಡಿಯಂತೂ ಕೇಳಲೇಬೇಡಿ. ಕಲ್ಲಿಗೆ ಒತ್ತುವ ಭಾರ ತಡೆಯುವ ತಾಕತ್ತು ಬೇಕಾದಷ್ಟಿದೆ, ಬಾಗಿದರೆ ತಡೆಯುವುದು ಕಡಿಮೆ. ಕಬ್ಬಿಣದ ಹಾಗೆ ಮೊದಲು ಬಗ್ಗಿ ತೋರಿಸುವುದಿಲ್ಲ, ಒಂದೇ ಸಲ ಸೀಳುತ್ತದೆ. ಹಳೇ ಗುಡಿಗಳಲ್ಲಿ ಕಂಬದ ತಲೆಗೆ ಎರಡೂ ಕಡೆ ಬೋದಿಗೆ ಚಾಚಿ, ಅದರ ಮೇಲೆ ಕಲ್ಲಿನ ತೊಲೆ ಇಟ್ಟಿದ್ದು ಚೆಂದಕ್ಕೆ ಮಾತ್ರ ಅಲ್ಲ. ನಡುವಿನ ಬಯಲು ಅಷ್ಟು ಕಡಿಮೆ ಆಗಲಿ ಅಂತ. ಕಡಪ ಕಲ್ಲು ನೆಲಕ್ಕೆ, ಕಪಾಟಿಗೆ ಸರಿ. ಗೋಡೆ ಹೊರಲಿಕ್ಕಲ್ಲ.

ನನ್ನನ್ನು ಕೇಳಿದರೆ ಒಂದೇ ದೊಡ್ಡ ಕಿಟಕಿಯ ಆಸೆ ಬಿಡಿ. ಈಗಿರುವ 3 ಅಡಿ ಕಿಟಕಿ ಹಾಗೇ ಇರಲಿ. ಅದರ ಬಲಕ್ಕೆ ಎರಡೂವರೆ ಅಡಿ ಗೋಡೆ ಬಿಟ್ಟು, 8ನೇ ಅಡಿಯಿಂದ 11ನೇ ಅಡಿವರೆಗೆ ಇನ್ನೊಂದು 3 ಅಡಿ ಕಿಟಕಿ ತೆಗೆಯಿರಿ. ತೊಲೆ ನಡುವಿನ ಗಟ್ಟಿ ಗೋಡೆಯ ಮೇಲೇ ಕೂತಿರುತ್ತದೆ, ಅದನ್ನು ಮುಟ್ಟುವ ಗೋಜೇ ಇಲ್ಲ. ಬಲ ಮೂಲೆಗೂ 3 ಅಡಿ ಉಳಿಯುತ್ತದೆ. ಬೆಳಕು ಅಷ್ಟೇ ಬರುತ್ತದೆ, ಕೋಣೆಯ ಎರಡೂ ಅರ್ಧಕ್ಕೆ ಹಂಚಿಕೊಂಡು ಬರುತ್ತದೆ. ಹೊಸ ಕಿಟಕಿಗೆ 6 ಇಂಚು ದಪ್ಪದ, ಕೆಳಗೆ ಮೂರು 10 ಎಂಎಂ ಕಂಬಿ ಇರುವ ಸಾಧಾರಣ ಲಿಂಟಲ್ ಸಾಕು. ಇನ್ನೂ ಬೆಳಕು ಬೇಕೆಂದರೆ ಎರಡೂ ಕಿಟಕಿಗಳ ಕೆಳಗಿನ ಇಟ್ಟಿಗೆ ತೆಗೆದು ಒಂದೂವರೆ ಅಡಿ ಇಳಿಸಿ. ಕೆಳಕ್ಕೆ ಇಳಿಸುವುದಕ್ಕೆ ಲಿಂಟಲ್ ಬೇಡ, ಆನಿಕೆ ಬೇಡ. ಅಪ್ಪ ಕುರ್ಚಿಯಲ್ಲಿ ಕೂತೇ ಬೀದಿ ನೋಡಬಹುದು.

ಇಲ್ಲ, 6 ಅಡಿಯದೇ ಬೇಕು ಅಂದರೆ ಮಾಡಲಿಕ್ಕೆ ಬರುವುದಿಲ್ಲ ಅಂತಲ್ಲ. ಆದರೆ ಎರಡು ದಿನದ್ದಲ್ಲ, ಮೂರು-ನಾಲ್ಕು ವಾರದ ಕೆಲಸ.

ಮೊದಲು ಗೋಡೆ ಪರೀಕ್ಷೆ. ಕಿಟಕಿಯ ತಲೆಯ ಮೇಲೆ, ಪಕ್ಕದಲ್ಲಿ ಪ್ಲಾಸ್ಟರ್ ಕೆತ್ತಿ ಇಟ್ಟಿಗೆ ಕಾಣುವ ಹಾಗೆ ಮಾಡಿ. ಎರಡು ಇಟ್ಟಿಗೆ ನಡುವಿನ ಸಂದಿಯನ್ನು ಒಂದು ಮೊಳೆಯಿಂದ ಗೀರಿ. ಹಿಟ್ಟಿನ ಹಾಗೆ ಉದುರಿ, ಮೊಳೆ ಅರ್ಧ ಒಳಗೆ ಹೋದರೆ ಅದು ಮಣ್ಣಿನ ಗಾರೆ. ಬೆಳ್ಳಗೆ ಗೀರು ಬಿದ್ದು ಮೊಳೆ ತಡೆದರೆ ಸುಣ್ಣದ ಗಾರೆ. ಮಣ್ಣಿನ ಗಾರೆ ಆದರೆ 6 ಅಡಿ ಕಿಟಕಿಯ ಯೋಚನೆ ಅಲ್ಲಿಗೇ ನಿಲ್ಲಿಸಿ. ಸುಣ್ಣದ್ದಾದರೆ ಮುಂದಕ್ಕೆ ಹೋಗಬಹುದು. ಹಾಗೆ ಕೆತ್ತಿದಾಗ ಈಗಿನ ಕಿಟಕಿಯ ಮೇಲೆ ಇಟ್ಟಿಗೆ ಕಮಾನು ಇದೆಯೋ, ಮರದ ಹಲಗೆ ಇದೆಯೋ ಅದೂ ಗೊತ್ತಾಗುತ್ತದೆ. ಮರವಾದರೆ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಮೇಲೆ ಗಟ್ಟಿ ಕಂಡು ಒಳಗೆ ಗೆದ್ದಲು ತಿಂದು ಟೊಳ್ಳಾಗಿರುವುದು ನಮ್ಮ ಕಡೆ ತೀರಾ ಸಾಮಾನ್ಯ. ಗೋಡೆಯೊಳಗೆ ಸೇರಿರುವ ತೊಲೆಯ ತುದಿಯನ್ನೂ ಹಾಗೇ ಚುಚ್ಚಿ.

ಬಿರುಕು ಇದ್ದರೆ ಅದರ ಜಾಡು ನೋಡಿ. ದಾವಣಗೆರೆ ಸುತ್ತ ಎರೆ ಮಣ್ಣು ಬಹಳ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೋದ ಬಿರುಕು ಏಪ್ರಿಲ್‌ನಲ್ಲಿ ಅಗಲವಾಗಿ, ಅಕ್ಟೋಬರ್‌ನಲ್ಲಿ ಕೂಡಿಕೊಳ್ಳುತ್ತಿದ್ದರೆ ಪಾಯ ಅಲುಗುತ್ತಿದೆ ಅಂತ ಅರ್ಥ. ಅಂಥ ಗೋಡೆಯಲ್ಲಿ ದೊಡ್ಡ ಕಿಂಡಿ ತೆಗೆಯಬಾರದು.

ಇಷ್ಟೆಲ್ಲ ಸರಿ ಇದ್ದರೆ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್ ಕರೆಸಿ ಲೆಕ್ಕ ಬರೆಸಿಕೊಳ್ಳಿ. ನಾನು ಇಲ್ಲಿ ಕೊಟ್ಟಿರುವುದು ನಿಮ್ಮ ಅಳತೆ ನಂಬಿ ಹಾಕಿದ ಅಂದಾಜು, ಗೋಡೆ ಮುಟ್ಟಿ ನೋಡಿದ್ದಲ್ಲ. 1951ರಿಂದ ಇಂಜಿನಿಯರಿಂಗ್ ಕಾಲೇಜು ಇರುವ ಊರು ನಿಮ್ಮದು, ಇಂಜಿನಿಯರ್‌ಗಳಿಗೆ ಬರವಿಲ್ಲ. ಭಾರ ಹೊರುವ ಗೋಡೆ ಒಡೆಯುವುದಕ್ಕೆ ಪಾಲಿಕೆಯಲ್ಲಿ ಅನುಮತಿ ಬೇಕೋ ಅಂತಲೂ ಅವರನ್ನೇ ಕೇಳಿ.

ಲಿಂಟಲ್ ಯಾವುದು? ಕಾಂಕ್ರೀಟ್ ಆದರೆ 9 ಇಂಚು ಅಗಲ, 9 ಇಂಚು ಎತ್ತರ, ಏಳೂವರೆ ಅಡಿ ಉದ್ದ. ಕೆಳಗೆ ಮೂರು 12 ಎಂಎಂ ಕಂಬಿ, ಮೇಲೆ ಎರಡು 10 ಎಂಎಂ, 8 ಎಂಎಂ ರಿಂಗು 6 ಇಂಚಿಗೊಂದು, ಎಂ20 ಕಾಂಕ್ರೀಟು. ಇದು ಮೂರು ಕ್ವಿಂಟಲ್ ತೂಗುತ್ತದೆ. ನೆಲದ ಮೇಲೆ ಹಾಕಿ ಆಮೇಲೆ ಎತ್ತುವುದು ಕಷ್ಟ. ಗೋಡೆಯಲ್ಲೇ ಸೆಂಟ್ರಿಂಗ್ ಕಟ್ಟಿ ಹಾಕಿದರೆ, ಅದು ಗಟ್ಟಿಯಾಗುವವರೆಗೆ ಗೋಡೆ ಮತ್ತು ತೊಲೆ ಎರಡೂ ಆನಿಕೆಯ ಮೇಲೇ ನಿಂತಿರಬೇಕು. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಇಷ್ಟು ಉದ್ದದ ಕಾಂಕ್ರೀಟ್ ತೊಲೆಯ ಆನಿಕೆಯನ್ನು 14 ದಿನ ತೆಗೆಯುವ ಹಾಗಿಲ್ಲ. ಈಗ ಎಲ್ಲ ಕಡೆ ಸಿಗುವ ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟು ನಿಧಾನ ಬಲಿಯುತ್ತದೆ, ಹಾಗಾಗಿ 21 ದಿನ ಬಿಡಿ ಅನ್ನುತ್ತೇನೆ. ನೆಲದ ಮೇಲೆ ಎರಕ ಹೊಯ್ದು ಎತ್ತುವುದಾದರೆ, ಹಸಿ ಇರುವಾಗಲೇ ಮೇಲ್ಭಾಗದಲ್ಲಿ ಮೊಳೆಯಿಂದ "ಮೇಲೆ" ಅಂತ ಕೆತ್ತಿ. ಒಣಗಿದ ಮೇಲೆ ನಾಲ್ಕೂ ಬದಿ ಒಂದೇ ಥರ ಕಾಣುತ್ತದೆ. ತಿರುವುಮುರುವಾಗಿ ಕೂರಿಸಿದರೆ ದಪ್ಪ ಕಂಬಿ ಮೇಲಕ್ಕೆ ಹೋಗಿ ಕೂತಿರುತ್ತದೆ.

ಹಳೇ ಗೋಡೆಗೆ ನನಗೆ ಇಷ್ಟ ಕಬ್ಬಿಣದ ಚಾನೆಲ್, ಅಂದರೆ ಇಂಗ್ಲಿಷಿನ C ಆಕಾರದ ಉದ್ದ ಪಟ್ಟಿ. 125 ಎಂಎಂ ಎತ್ತರದ್ದು ಎರಡು. ಏಳೂವರೆ ಅಡಿ ಉದ್ದದ ಒಂದು ಚಾನೆಲ್ 30 ಕೆಜಿ ಆಗುತ್ತದೆ, ಇಬ್ಬರು ಆರಾಮಾಗಿ ಎತ್ತುತ್ತಾರೆ. ಅದಕ್ಕಿಂತ ದೊಡ್ಡ ಲಾಭ ಏನೆಂದರೆ ಗೋಡೆಯನ್ನು ಒಂದೇ ಸಲ ಆರಪಾರ ಕೊಯ್ಯಬೇಕಿಲ್ಲ. ಹೊರಗಿನಿಂದ ಅರ್ಧ ದಪ್ಪ ಕೊಯ್ದು ಒಂದು ಚಾನೆಲ್ ಕೂರಿಸಿ, ಅದು ಭಾರ ಹಿಡಿದ ಮೇಲೆ ಒಳಗಿನಿಂದ ಇನ್ನರ್ಧ ಕೊಯ್ದು ಇನ್ನೊಂದು ಕೂರಿಸಬಹುದು. ತುಕ್ಕು ಹಿಡಿಯದಂತೆ ಮೊದಲೇ ರೆಡ್ ಆಕ್ಸೈಡ್ ಪ್ರೈಮರ್ ಎರಡು ಕೋಟ್ ಹೊಡೆಸಿ.

ಕೆಲಸ ಶುರು ಮಾಡುವ ಮೊದಲು ತೊಲೆಗೆ ಆನಿಕೆ. ಕೋಣೆಯ ಒಳಗೆ, ಗೋಡೆಯಿಂದ ಎರಡು ಅಡಿ ಬಿಟ್ಟು, ತೊಲೆಯ ಕೆಳಗೆ ಎರಡು ಜಾಕಿ ನಿಲ್ಲಿಸಿ. ಸರ್ವೆ ಕಟ್ಟಿಗೆ ಬೇಡ, ತಿರುಪು ಇರುವ ಕಬ್ಬಿಣದ ಜಾಕಿಯೇ ಬೇಕು. ಕೆಳಗೆ 2 ಇಂಚು ದಪ್ಪದ ಹಲಗೆ ಉದ್ದಕ್ಕೆ ಹಾಸಿ, ಇಲ್ಲವಾದರೆ ಹಳೇ ನೆಲ ಕುಸಿಯುತ್ತದೆ. ಜಾಕಿಯನ್ನು ಕೈಯಿಂದ ಬಿಗಿಯಾಗುವಷ್ಟು ತಿರುಗಿಸಿ ನಿಲ್ಲಿಸಿ. ಇನ್ನೂ ಒಂದು ಸುತ್ತು ಇರಲಿ ಅಂತ ತೊಲೆ ಎತ್ತಿದರೆ ಮೇಲಿನ ಗಚ್ಚು ಬಿರುಕು ಬಿಡುತ್ತದೆ, ಮುಂದಿನ ಮಳೆಗಾಲಕ್ಕೆ ಮಾಳಿಗೆ ಸೋರುತ್ತದೆ. ಜಂತಿಗಳು ತೊಲೆಯಿಂದ ಅಡ್ಡಗೋಡೆಗೆ ಹೋಗಿವೆ ಅಂತ ಅಂದುಕೊಂಡಿದ್ದೇನೆ. ಮುಂಗೋಡೆಯ ಮೇಲೂ ಜಂತಿ ಕೂತಿದ್ದರೆ ಅವುಗಳಿಗೂ ಆನಿಕೆ ಬೇಕು.

ಆಮೇಲೆ ಗೋಡೆಗೆ. ಹೊಸ ಲಿಂಟಲ್ ಬರುವ ಮಟ್ಟದಿಂದ ಒಂದು ಅಡಿ ಮೇಲೆ, ಎರಡೆರಡು ಅಡಿಗೆ ಒಂದರಂತೆ ಮೂರು ತೂತು ಮಾಡಿ. ಒಂದೊಂದರಲ್ಲೂ ಗಟ್ಟಿ ಕಬ್ಬಿಣದ ತುಂಡು ತೂರಿಸಿ, ಒಳಗೊಂದು ಹೊರಗೊಂದು ಜಾಕಿ ಕೊಡಿ. ಒಂದೊಂದು ತುಂಡಿಗೆ ನಾಲ್ಕು ಕ್ವಿಂಟಲ್ ಆಸುಪಾಸು ಬರುತ್ತದೆ. ಹೊರಗಡೆ ನಿಮ್ಮ ಕಟ್ಟೆ ಇದ್ದರೆ ಸರಿ. ಬೀದಿಗೇ ಅಂಟಿಕೊಂಡ ಮನೆಯಾದರೆ ಜಾಕಿಯನ್ನು ಚರಂಡಿ ಮೇಲಿನ ಚಪ್ಪಡಿಗೆ ಕೊಡಬೇಡಿ. ಚಪ್ಪಡಿ ಮುರಿದರೆ ಗೋಡೆಯೂ ಅದರ ಹಿಂದೆಯೇ ಬರುತ್ತದೆ.

ಇಲ್ಲೊಂದು ಜಾಣತನ ಇದೆ. ಹೊಸ ಚಾನೆಲ್ ಅನ್ನು ಹಳೇ ಲಿಂಟಲ್ ಮಟ್ಟದಲ್ಲಿ ಇಡಬೇಡಿ. ಅದಕ್ಕಿಂತ ಎರಡು ವರಸೆ (ಇಟ್ಟಿಗೆ ಸಾಲು) ಮೇಲೆ ಇಡಿ. ಹೊಸದು ಭಾರ ಹಿಡಿಯುವವರೆಗೂ ಹಳೇದು ತನ್ನ ಕೆಲಸ ಮಾಡುತ್ತಿರುತ್ತದೆ. ಕಿಟಕಿ ಆರು ಇಂಚು ಎತ್ತರ ಆಗುತ್ತದೆ, ಅದೂ ಒಳ್ಳೇದೇ.

ಕೊಯ್ಯುವುದಕ್ಕೆ ಕಟಿಂಗ್ ಮಷಿನ್, ಆಮೇಲೆ ಉಳಿ-ಸುತ್ತಿಗೆ. ಬ್ರೇಕರ್ ಬೇಡವೇ ಬೇಡ. ಅದರ ಅದುರಿಗೆ ಸುಣ್ಣದ ಗಾರೆ ಸಡಿಲಾಗಿ, ಎಲ್ಲೋ ಎರಡು ಅಡಿ ಆಚೆಯ ಇಟ್ಟಿಗೆ ಕದಲುತ್ತದೆ.

ಚಾನೆಲ್ ಎರಡೂ ತುದಿಯಲ್ಲಿ ಗೋಡೆಯ ಮೇಲೆ 9 ಇಂಚು ಕೂರಬೇಕು. ತೊಲೆ ಬಲ ತುದಿಗೆ ಹತ್ತಿರ ಇರುವುದರಿಂದ ಅದರ ಭಾರದ ಮುಕ್ಕಾಲು ಭಾಗ ಬಲಕ್ಕೇ ಹೋಗುತ್ತದೆ. ಗೋಡೆಯ ಪಾಲೂ ಸೇರಿ ಆ ತುದಿಗೆ ಎರಡು ಟನ್ ದಾಟುತ್ತದೆ. ಹಳೇ ಇಟ್ಟಿಗೆಯ ಒಂದು ಗೇಣು ಜಾಗಕ್ಕೆ ಇಷ್ಟು ಜಾಸ್ತಿ. ಹಾಗಾಗಿ ಚಾನೆಲ್ ಕೆಳಗೆ 15 ಇಂಚು ಉದ್ದ, 6 ಇಂಚು ದಪ್ಪದ ಕಾಂಕ್ರೀಟ್ ದಿಂಬು ಕೂರಿಸಿ. ಇಂಜಿನಿಯರ್‌ಗಳು ಬೆಡ್ ಬ್ಲಾಕ್ ಅನ್ನುತ್ತಾರೆ. ಗೋಡೆಯನ್ನು ಅರ್ಧರ್ಧ ಕೊಯ್ಯುವುದರಿಂದ ಇದನ್ನೂ ನಾಲ್ಕೂವರೆ ಇಂಚು ಅಗಲದ ಎರಡು ತುಂಡಾಗಿ, ವಾರ ಮೊದಲೇ ಹಾಕಿಟ್ಟುಕೊಳ್ಳಿ. ಎಡಕ್ಕೂ ಇಟ್ಟರೆ ನಷ್ಟವಿಲ್ಲ. ಲಿಂಟಲ್ ಮುರಿದು ಬಿದ್ದದ್ದಕ್ಕಿಂತ ಲಿಂಟಲ್ ತುದಿಯ ಇಟ್ಟಿಗೆ ನುಚ್ಚಾಗಿ ಬಿರುಕು ಬಿಟ್ಟ ಗೋಡೆಗಳೇ ಜಾಸ್ತಿ.

ಇನ್ನು ನಮ್ಮ ಗೌಂಡಿಗಳು ಸಾಮಾನ್ಯವಾಗಿ ಹಾರಿಸಿಬಿಡುವ ಹಂತ. ಚಾನೆಲ್ ಕೂರಿಸಿದ ಮೇಲೆ ಅದರ ತಲೆಗೂ ಮೇಲಿನ ಹಳೇ ಇಟ್ಟಿಗೆಗೂ ನಡುವೆ ಒಂದು ಇಂಚು ಸಂದಿ ಉಳಿಯುತ್ತದೆ. ಅಲ್ಲಿಗೆ ನೀರು ನೀರಾದ ಗಾರೆಯನ್ನು ಕರಣೆಯಿಂದ ಎರಚಿ, ಮುಂದೆ ಒರೆಸಿ, ಆಯ್ತು ಅಂತಾರೆ. ಆ ಗಾರೆ ಒಣಗುವಾಗ ಕುಗ್ಗುತ್ತದೆ, ಹಿಂದೆ ಟೊಳ್ಳು ಇರುತ್ತದೆ. ಜಾಕಿ ತೆಗೆದ ದಿನ ಗೋಡೆ ಆ ಟೊಳ್ಳಿನಷ್ಟು ಕೆಳಕ್ಕೆ ಇಳಿಯುತ್ತದೆ. "ಲಿಂಟಲ್ ಹಾಕಿದ ಮೇಲೂ ಬಿರುಕು ಬಂತು" ಅನ್ನುವ ದೂರಿಗೆ ಬಹುಪಾಲು ಇದೇ ಕಾರಣ. ಮಾಡಬೇಕಾದದ್ದು ಹೀಗೆ: ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು, ನೀರು ಚಿಮುಕಿಸಿದಷ್ಟೇ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ಅಂಗೈ ಒದ್ದೆ ಆಗಬಾರದು. ಸಂದಿಯನ್ನು ಮೊದಲು ತೇವ ಮಾಡಿ. ಆಮೇಲೆ ಸ್ವಲ್ಪ ಸ್ವಲ್ಪವೇ ತುಂಬಿ, ರೀಪರ್ (ಮರದ ಪಟ್ಟಿ) ತುಂಡಿನ ತುದಿಯನ್ನು ಒಳಗಿಟ್ಟು ಸುತ್ತಿಗೆಯಿಂದ ಬಡಿಯುತ್ತಾ ಹೋಗಬೇಕು. ಸರಿಯಾಗಿ ತುಂಬಿದ ಕಡೆ ಸದ್ದು ಬದಲಾಗುತ್ತದೆ, ರೀಪರ್ ಪುಟಿದು ವಾಪಸ್ ಬರುತ್ತದೆ. ಅಲ್ಲಲ್ಲಿ ಕಬ್ಬಿಣದ ಬೆಣೆ ಹೊಡೆದರೆ ಇನ್ನೂ ಒಳ್ಳೇದು. ಬೇಸರದ ಕೆಲಸ, ಒಬ್ಬರಿಗೆ ಅರ್ಧ ದಿನ ಹಿಡಿಯುತ್ತದೆ. ಆ ಹೊತ್ತು ನೀವೇ ಪಕ್ಕದಲ್ಲಿ ನಿಂತಿರಿ.

ಮೊದಲ ಚಾನೆಲ್ ಆಗಿ ನಾಲ್ಕೈದು ದಿನ ಬಿಟ್ಟು ಎರಡನೆಯದು. ಎರಡರ ನಡುವೆ ಉಳಿದ ಜಾಗಕ್ಕೆ, ಚಾನೆಲ್ ಹೊಟ್ಟೆಗೆ ಸಣ್ಣ ಜಲ್ಲಿ ಕಾಂಕ್ರೀಟು ತುಂಬಿಸಿ. ಮತ್ತೆ ಒಂದು ವಾರ ಗೋಣಿಚೀಲ ಕಟ್ಟಿ ನೀರು ಹಾಕಿ. ಆಮೇಲಷ್ಟೇ ಕೆಳಗಿನ ಗೋಡೆ ಬಿಚ್ಚಬೇಕು. ಮೇಲಿನಿಂದ ಕೆಳಕ್ಕೆ, ಒಂದೊಂದೇ ವರಸೆ. ಕಿಟಕಿಯ ಪಕ್ಕದ ಅಂಚುಗಳನ್ನು ಸರಿ ಮಾಡುವಾಗ ಬರೀ ಸಿಮೆಂಟ್ ಗಾರೆ ಬೇಡ, ಹಳೇ ಸುಣ್ಣದ ಗೋಡೆಗೆ ಅದು ತೀರಾ ಬಿರುಸು. ಒಂದು ಸಿಮೆಂಟ್, ಒಂದು ಸುಣ್ಣ, ಆರು ಮರಳು ಹಾಕಿ. ಕೊನೆಗೆ ಜಾಕಿಗಳನ್ನು ದಿನಕ್ಕೆ ಕಾಲು ಸುತ್ತಿನಂತೆ ಸಡಿಲಿಸಿ, ಮೊದಲು ಗೋಡೆಯವು, ಆಮೇಲೆ ತೊಲೆಯವು. ಮೊದಲೇ ಇದ್ದ ಬಿರುಕುಗಳ ತುದಿಗೆ ಪೆನ್ಸಿಲ್‌ನಿಂದ ಗೆರೆ ಹಾಕಿಟ್ಟಿರಿ. ಬಿರುಕು ಗೆರೆ ದಾಟಿದರೆ ಜಾಕಿ ಮತ್ತೆ ಬಿಗಿ ಮಾಡಿ ಇಂಜಿನಿಯರ್‌ಗೆ ಫೋನ್ ಮಾಡಿ.

ಪ್ಲಾಸ್ಟರ್‌ಗೆ ಮೊದಲು ಚಾನೆಲ್ ಮೇಲೆ ಚಿಕನ್ ಮೆಶ್ ಸುತ್ತಿಸಿ. ಕಬ್ಬಿಣಕ್ಕೆ ಗಾರೆ ಹಾಗೇ ಅಂಟುವುದಿಲ್ಲ.

ಸಜ್ಜಾ ಬಗ್ಗೆ ನೀವು ಕೇಳಿಲ್ಲ, ಆದರೆ ಮೇಸ್ತ್ರಿ ಕೇಳೇ ಕೇಳುತ್ತಾರೆ. ಈ ಲಿಂಟಲ್‌ಗೆ ಕಾಂಕ್ರೀಟ್ ಸಜ್ಜಾ ಜೋಡಿಸಬೇಡಿ. ಎರಡು ಅಡಿ ಹೊರಚಾಚಿದ ಸಜ್ಜಾ ಲಿಂಟಲ್ ಅನ್ನು ಬೀದಿ ಕಡೆಗೆ ತಿರುಚುತ್ತದೆ. ಅದನ್ನು ಹಿಂದಕ್ಕೆ ಒತ್ತಿ ಹಿಡಿಯುವಷ್ಟು ಗೋಡೆ ಮೇಲೆ ಉಳಿದಿಲ್ಲ. ಮಳೆ ಎರಚಲು ತಡೆಯಲು ಬ್ರಾಕೆಟ್ ಮೇಲೆ ಹಗುರವಾದ ಶೀಟ್ ಸಾಕು.

ಸಂಕ್ರಾಂತಿ ಕಳೆದ ಮೇಲೆ ಶುರು ಮಾಡಿದರೆ ಒಳ್ಳೇದು. ಮಳೆ ಇರುವುದಿಲ್ಲ, ಏಪ್ರಿಲ್ ಬಿಸಿಲಿಗೆ ಗಾರೆ ಸುಟ್ಟ ಹಾಗೆ ಒಣಗುವ ಭಯವೂ ಇಲ್ಲ. ಯುಪಿವಿಸಿ ಕಿಟಕಿಗೆ ಈಗಲೇ ಆರ್ಡರ್ ಕೊಡಬೇಡಿ. ಎಲ್ಲ ಜಾಕಿ ತೆಗೆದು, ಒಂದು ವಾರ ಕಳೆದ ಮೇಲೆ ಅಳತೆ ತೆಗೆಸಿ. ಭಾರ ಬಿದ್ದಾಗ ಯಾವ ಲಿಂಟಲ್ ಆದರೂ ಎರಡು-ಮೂರು ಎಂಎಂ ಬಾಗುತ್ತದೆ. ಆದ್ದರಿಂದ ಚೌಕಟ್ಟಿನ ಮೇಲೆ 10 ಎಂಎಂ ಸಂದಿ ಬಿಟ್ಟು ಫೋಮ್ ತುಂಬಲು ಹೇಳಿ, ಇಲ್ಲವಾದರೆ ಸ್ಲೈಡಿಂಗ್ ಬಾಗಿಲು ನಡುವೆ ಹಿಡಿದುಕೊಳ್ಳುತ್ತದೆ.